ಅಟ್ಟದ ಮೇಲಿನ ಇಂಟರ್ನೆಟ್ಟು

ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಒಂದು ಶಾಪವಿದೆ. ಯಾವ ವಿಷಯ ಕೊಟ್ಟರೂ ಪರವಾಗಿಯೂ ಮಾತಾಡುತ್ತಾರೆ, ವಿರೋಧವಾಗಿಯೂ ಮಾತಾಡುತ್ತಾರೆ. ಆದರೆ ಅಂಗಡಿಯಲ್ಲಿ ಎರಡು ಜೊತೆ ಚಪ್ಪಲಿ ಮುಂದಿಟ್ಟು ಯಾವುದು ಬೇಕು ಎಂದು ಕೇಳಿದರೆ ಬರಿಗಾಲಲ್ಲಿ ಮನೆಗೆ ಬರುತ್ತಾರೆ. ನಾನು ಆ ಪೈಕಿಯವಳು. ತಿಪಟೂರಿನಲ್ಲಿ ಕಾಲೇಜು ಓದುವಾಗ ವಿಜ್ಞಾನ ವರವೆಂದು ಬೆಳಿಗ್ಗೆ ಒಂದು ಕಡೆ ಸಾಧಿಸಿ ಒಂದು ಸ್ಟೀಲ್ ಲೋಟ ಗೆದ್ದೆ. ಅದೇ ವಿಜ್ಞಾನ ಶಾಪವೆಂದು ಮಧ್ಯಾಹ್ನ ಇನ್ನೊಂದು ಕಡೆ ಸಾಧಿಸಿ ಅದರ ಜೋಡಿ ಲೋಟ ತಂದೆ. ಅಮ್ಮ ಈಗಲೂ ಎರಡರಲ್ಲೂ ಕಾಫಿ ಕೊಡುತ್ತಾಳೆ. ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ.

ಹೀಗಿರುವ ನನ್ನನ್ನು, ನಮ್ಮ ಕಡೆ ಯಾರು ಕಂಪ್ಯೂಟರು ಕೊಂಡರೂ ಮೊದಲು ಬಂದು ಕೇಳುವುದು ಒಂದೇ ಪ್ರಶ್ನೆ: "ಇಂಟರ್ನೆಟ್ಟಿಗೆ ಯಾವ ಕನೆಕ್ಷನ್ ಒಳ್ಳೇದವ್ವಾ? ಯಾವುದು ಕೈಕೊಡಲ್ಲ? ಯಾವುದು ಅಗ್ಗ?" ಕೇಳಿದವರು ತುದಿಗಾಲಲ್ಲಿ ನಿಂತಿರುತ್ತಾರೆ. ನಾನು "ಕೂತ್ಕೊಳ್ಳಿ" ಎನ್ನುತ್ತೇನೆ. ಅಲ್ಲಿಗೇ ಅವರಿಗೆ ಅನುಮಾನ ಶುರುವಾಗುತ್ತದೆ. ಏಕೆಂದರೆ ಈ ವಿಷಯದಲ್ಲಿ ನಾನು ಪುಸ್ತಕ ಓದಿ ಮಾತಾಡುವವಳಲ್ಲ. ನಾಲ್ಕು ಥರದ ಸಂಪರ್ಕಗಳ ಕೈಯಲ್ಲಿ ಒಂದೊಂದಾಗಿ ಸಿಕ್ಕಿ, ಸೋತು, ಸುಣ್ಣವಾಗಿ ಮಾತಾಡುವವಳು.

ಇಷ್ಟಕ್ಕೂ ನನಗೆ ಇಂಟರ್ನೆಟ್ಟು ಏಕೆ ಬೇಕಾಯಿತು ಎಂದು ಮೊದಲು ಹೇಳಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನಗೆ ತುಮಕೂರಿನ ಒಬ್ಬ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಅವರು ಸರ್ಕಾರಿ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ಭಾನುವಾರ ಪಾಠ ಹೇಳುತ್ತಿದ್ದರು. ಪ್ರತಿವಾರ ಒಂದು ವಿಷಯದ ಮೇಲೆ ಪರ ವಿರೋಧ ಎರಡೂ ಬರೆದು ನಾನು ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಇಮೇಲಿನಲ್ಲಿ ಕಳಿಸಬೇಕು, ಅವರು ಅದನ್ನು ಜೆರಾಕ್ಸ್ ಮಾಡಿಸಿ ಹಂಚಬೇಕು. ನನ್ನ ಶಾಪಕ್ಕೆ ಸಂಬಳ ಕೊಡುವ ಪುಣ್ಯಾತ್ಮ ಭೂಮಿಯ ಮೇಲೆ ಇದ್ದಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ! ಆದರೆ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು: "ಒಂದು ಶನಿವಾರ ತಪ್ಪಿದ್ರೂ ಭಾನುವಾರ ನನ್ನೆದುರು ಅಷ್ಟೂ ಮಕ್ಳು ಬರಿಗೈಲಿ ಕೂತಿರ್ತಾರೆ ಕಣಮ್ಮ. ಆಮೇಲೆ ನಾನು ಬೇರೆಯವ್ರನ್ನ ನೋಡ್ಕೊಳ್ಳೋದೇ."

ತಪ್ಪಿದರೆ ನನಗೆ ಕಾದಿದ್ದದ್ದು ಚಿಕ್ಕಪ್ಪ. ಅವರು ಕಿಬ್ಬನಹಳ್ಳಿ ಕ್ರಾಸಿನಲ್ಲಿದ್ದ ತೆಂಗು ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ. ಅಲ್ಲಿಯ ಹಳೇ ಗುಮಾಸ್ತರು ನಿವೃತ್ತರಾಗಿ ಕುರ್ಚಿ ಖಾಲಿ ಬಿದ್ದಿತ್ತು. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ದಿನಾ ಎದುರಿಗಿಟ್ಟುಕೊಂಡು, ನಾನು ಎಂಟನೇ ಕ್ಲಾಸಿನಿಂದ ವಾದದಲ್ಲಿ ಸೋಲಿಸಿದ್ದಕ್ಕೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳಬೇಕೆಂಬುದು ಅವರ ಜೀವನದ ಆಸೆ. "ಅಣ್ಣಾ, ಕೆಲ್ಸ ಅಂದ್ರೆ ಒಂದು ಕುರ್ಚಿ ಇರ್ಬೇಕು, ಗೋಡೆ ಮೇಲೊಂದು ಕ್ಯಾಲೆಂಡರ್ ಇರ್ಬೇಕು. ಮನೇಲಿ ಕೂತು ಮಾಡೋದು ಕೆಲ್ಸ ಅಲ್ಲ, ಹೊತ್ತು ಕಳೆಯೋದು" ಎಂದು ಅಪ್ಪನ ಕಿವಿ ಕಚ್ಚುತ್ತಿದ್ದರು. ಅಪ್ಪ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟ: "ಮೇಷ್ಟ್ರ ಕೆಲ್ಸ ನಡೆಯೋಗಂಟ ನಡೀಲಿ. ಅದು ನಿಂತ್ರೆ ಮಾತಿಲ್ಲ ಕತೆ ಇಲ್ಲ, ಸಂಘಕ್ಕೆ ಹೋಗ್ಬೇಕು." ನಾನು ಒಪ್ಪಿದೆ. ಹೀಗೆ ನನ್ನ ಸ್ವಾತಂತ್ರ್ಯವೆಂಬುದು ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂದು ತಂತಿಯ ಮೇಲೆ ನಡೆಯತೊಡಗಿತು.

ಮೊದಲು ಹಿಡಿದದ್ದು ತಿಪಟೂರಿನ ಸೈಬರ್ ಕೆಫೆ. ಪ್ಲೈವುಡ್ಡಿನ ಗೂಡುಗಳು. ಒಂದೊಂದರಲ್ಲಿ ಒಂದೊಂದು ಕಂಪ್ಯೂಟರು, ಎಲ್ಲಕ್ಕೂ ಸೇರಿ ಒಂದೇ ಫೋನ್ ಲೈನು. ಒಂದೇ ಕೊಳವೆಬಾವಿಗೆ ಇಡೀ ಬೀದಿ ಪೈಪು ಹಾಕಿದಂತೆ, ಪಕ್ಕದ ಗೂಡಿನವನು ಯಾರದೋ ಫೋಟೋ ತೆರೆದರೆ ನನ್ನ ಗೂಡಿನಲ್ಲಿ ಬರ. ಗಂಟೆಗೆ ಇಷ್ಟು ಎಂದು ಬೋರ್ಡು ಹಾಕಿದ್ದರು, ಅಗ್ಗವೇ. ಆದರೆ ಸಂಪರ್ಕದ ಖರ್ಚು ಬೋರ್ಡಿನ ಮೇಲಿರುವುದಿಲ್ಲ ಎಂಬುದು ನನ್ನ ಮೊದಲ ಸಂಶೋಧನೆ. ಹೋಗಿ ಬರಲು ಬಸ್ಸು. ಶನಿವಾರ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಹರಾಜಿನ ದಿನವಾದ್ದರಿಂದ ಬಸ್ಸಿನಲ್ಲಿ ಚೀಲಗಳಿಗೇ ಸೀಟು, ನಮಗೆ ಫುಟ್‌ಬೋರ್ಡು. ಅದರ ಮೇಲೆ, ತಿಪಟೂರಿಗೆ ಹೋಗಿ ಮಸಾಲೆದೋಸೆ ತಿನ್ನದೆ ಬರುವುದು ನಮ್ಮ ವಂಶದಲ್ಲೇ ಇಲ್ಲ. ದೋಸೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಇಮೇಲಿನ ಬೆಲೆಗೆ ನಾನೇ ತುಮಕೂರಿಗೆ ಹೋಗಿ ಕೈಯಲ್ಲಿ ಕೊಟ್ಟು ಬರಬಹುದಿತ್ತು. ಅಲ್ಲೂ ದೋಸೆ ಸಿಗುತ್ತದೆ.

ಆದ್ದರಿಂದ ಮನೆಯ ಫೋನಿಗೇ ಮೋಡೆಮ್ ಹಾಕಿಸುವುದೇ ಮೇಲೆಂದು ಊಟಕ್ಕೆ ಕೂತಾಗ ಸಾಧಿಸಿದೆ. ವಿರೋಧಪಕ್ಷವಿಲ್ಲದ ಸಭೆ, ಸಲೀಸಾಗಿ ಪಾಸಾಯಿತು. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೊಂದು ಬಂದು ನಡುಮನೆಯಲ್ಲಿ ಕೂತಿತು. ಡಯಲ್ ಮಾಡಿದರೆ ಎಣ್ಣೆ ಕಾಣದ ಗಾಣ ತಿರುಗಿದಂತೆ ಕಿರುಗುಟ್ಟಿ, ಕೆಮ್ಮಿ, ಕ್ಯಾಕರಿಸಿ, ಆಮೇಲೆ ಮೌನ. ಆ ಮೌನವೇ ಇಂಟರ್ನೆಟ್ಟು. ಆದರೆ ಅಮ್ಮನಿಗೆ ಚಿಕ್ಕನಾಯಕನಹಳ್ಳಿಯಲ್ಲಿ ಒಬ್ಬ ತಂಗಿ ಇದ್ದಾಳೆ. ಇಬ್ಬರಲ್ಲಿ ಯಾರ ಮನೆಯಲ್ಲಿ ಸಾರು ಕುದಿದರೂ ಇನ್ನೊಬ್ಬರಿಗೆ ಫೋನಾಗಬೇಕು. ನನ್ನ ಪ್ರಬಂಧ ಮುಕ್ಕಾಲು ಭಾಗ ಹೋಗಿರುತ್ತದೆ, ಅಡುಗೆಮನೆಯ ಬಾಗಿಲಲ್ಲಿದ್ದ ಫೋನನ್ನು ಅಮ್ಮ ಎತ್ತುತ್ತಾಳೆ. "ಹಲೋ... ಹಲೋ... ಅಯ್ಯೋ, ಯಾರೋ ಕಿರುಚ್ತಾವ್ರೆ ಕಣೇ ಇದ್ರೊಳಗೆ!"

"ಕಿರುಚ್ತಿರೋದು ನಾನಮ್ಮಾ! ಕೆಳಗಿಡು!"

"ನೀನು ಇಲ್ಲೇ ಇದ್ದೀಯಲ್ಲೇ, ಫೋನ್ನಲ್ಲಿ ಯಾಕೆ ಕಿರುಚ್ತೀಯಾ?"

ಅಮ್ಮನನ್ನು ಹೇಗೋ ತಡೆದರೆ ತೆಂಗಿನ ಮರವನ್ನು ತಡೆಯುವವರಾರು? ಫೋನಿನ ತಂತಿ ಮನೆಗೆ ಬರುವುದೇ ನಮ್ಮ ತೋಟದ ನಡುವೆ. ಒಂದು ಒಣಗಿದ ಗರಿ ಕಳಚಿ ಬಿದ್ದರೆ ಸಾಕು, ಒಂದು ವಾರ ಲೈನಿಲ್ಲ. ಲೈನ್‌ಮ್ಯಾನ್ ಬಂದು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿ, "ನಿಮ್ ಮರ ನಮ್ ವೈರ್ ಮೇಲೆ ಬೀಳ್ತದೆ ಯಜಮಾನ್ರೇ" ಎಂದು ದೂರುತ್ತಿದ್ದ. ಅಪ್ಪ ಬಿಡುತ್ತಾನೆಯೇ? "ಮರ ನಮ್ ತಾತ ನೆಟ್ಟಿದ್ದು, ವೈರ್ ನೀವು ಮೊನ್ನೆ ಎಳ್ದಿದ್ದು. ಯಾರಪ್ಪ ಯಾರ ದಾರೀಲಿ ಬಂದವ್ರು?" ನನ್ನ ವಾದದ ಬುದ್ಧಿ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಇಬ್ಬರ ಮಾತಿನಲ್ಲೂ ಸತ್ವವಿತ್ತು. ನನಗೆ ಮಾತ್ರ ಶನಿವಾರ ಬೆಳಿಗ್ಗೆ ಗರಿ ಬಿದ್ದರೆ ಮತ್ತೆ ಬಸ್ಸು, ಫುಟ್‌ಬೋರ್ಡು, ಪ್ಲೈವುಡ್ಡು, ದೋಸೆ. ಇತ್ತ ಮನೆಯ ಫೋನಿನ ಬಿಲ್ಲೂ ಬರುತ್ತಿತ್ತು. ಅದನ್ನು ನೋಡಿದ ದಿನ ಅಪ್ಪ ತೋಟಕ್ಕೆ ಹೋದವನು ಊಟಕ್ಕೂ ಬರಲಿಲ್ಲ.

ಮೂರನೆಯದೇ ವೈರ್‌ಲೆಸ್ ಸೆಟ್ಟು. ನೋಡಲು ಮೇಜಿನ ಫೋನಿನಂತೆಯೇ, ತಲೆಯ ಮೇಲೊಂದು ಕಡ್ಡಿ. ತಂತಿಯೇ ಇಲ್ಲದ ಮೇಲೆ ಗರಿ ಎಲ್ಲಿ ಬೀಳುತ್ತದೆ? ಕಂಪ್ಯೂಟರಿಗೆ ಸಿಕ್ಕಿಸಲು ಒಂದು ಕೇಬಲ್ಲನ್ನೂ ಕೊಡುತ್ತಾರೆಂದು ತಿಳಿದು ಅಪ್ಪನನ್ನು ಎಳೆದುಕೊಂಡು ತಿಪಟೂರಿನ ಅಂಗಡಿಗೆ ಹೋದೆ. ಅಂಗಡಿಯವನು ಮೂರು ಸೆಟ್ಟು ತೆಗೆದು ಮುಂದಿಟ್ಟ. ಎಲ್ಲ ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಬೆಲೆ. ನಾನು ಎಂದಿನಂತೆ ಯಾವುದನ್ನೂ ಆರಿಸಲಾರದೆ ನಿಂತೆ. ಅಪ್ಪ ಮುಂದೆ ಬಂದು ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದ.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ಆಯಿತೋ ಇಲ್ಲವೋ ಎಂದು ನೋಡಲು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಹಸಿ. ಗೊಟಗೊಟ ಎಂದರೆ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆ ಎಂದರ್ಥ. ಅಪ್ಪನಿಗೆ ಈ ಲೋಕದಲ್ಲಿ ಗಟ್ಟಿ ಸಿಪ್ಪೆಯ ಯಾವ ಪದಾರ್ಥವಾದರೂ ಇದೇ ಪರೀಕ್ಷೆ.

"ಯಜಮಾನ್ರೇ, ಹಂಗೆಲ್ಲ ಅಲ್ಲಾಡಿಸ್ಬಾರ್ದು ಕಣ್ರೀ!" ಅಂಗಡಿಯವನು ಹೌಹಾರಿದ.

"ಸುಮ್ನಿರಪ್ಪ, ನನ್ಗೊತ್ತು" ಎಂದು ಅಪ್ಪ ಎರಡನೆಯದನ್ನು ಅಲ್ಲಾಡಿಸಿದ. ಅದೂ ಸದ್ದಿಲ್ಲ. ಮೂರನೆಯದು ಗೊಟಗೊಟ ಎಂದಿತು. ಅಪ್ಪನ ಮುಖ ಅರಳಿತು. "ಇದು ಆಗಿದೆ ಕಣವ್ವ ಗಿರಿಜಾ. ಅವೆರಡೂ ಇನ್ನೂ ಎಳಸು."

"ಅಯ್ಯೋ, ಅದ್ರೊಳಗೆ ಸ್ಕ್ರೂ ಬಿಚ್ಕೊಂಡಿದೆ ಸಾರ್! ಅದು ಬ್ಯಾಡ, ಬೇರೆ ತಗೊಳ್ಳಿ."

ಅಪ್ಪ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ನೋಡ್ದಾ? ಒಳ್ಳೇ ಮಾಲು ಕೈಬುಡಕ್ಕೆ ಮನ್ಸಿಲ್ಲ ಇವನಿಗೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ವಾದಿಸಿದೆ. ಹೋಲಿಕೆ ಬೇರೆ, ಪುರಾವೆ ಬೇರೆ, ಕಾಯಿಯ ನಿಯಮ ಯಂತ್ರಕ್ಕೆ ಹೊಂದುವುದಿಲ್ಲ ಎಂದೆಲ್ಲ ಹೇಳಿದೆ. ಅಪ್ಪ ಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದ. ಮನೆಗೆ ತಂದು ಹಾಕಿದರೆ, ಹೇಳಿದರೆ ನಂಬುವುದಿಲ್ಲ, ಸೆಟ್ಟು ಕುದುರೆಯಂತೆ ಓಡಿತು! ಆಮೇಲೆ ಪಕ್ಕದ ತೋಟದವರು ಅಂಗಡಿಯವನು ಹೇಳಿದಂತೆ ಸದ್ದಿಲ್ಲದ ಸೆಟ್ಟು ತಂದರು, ಅದು ಮೂರೇ ದಿನಕ್ಕೆ ಬಾಯಿ ಮುಚ್ಚಿತು. "ಎಳಸು" ಎಂದ ಅಪ್ಪ. ನನ್ನ ಇಡೀ ತರ್ಕಶಾಸ್ತ್ರಕ್ಕೆ ಬಿದ್ದ ಮೊದಲ ಪೆಟ್ಟು ಅದು.

ಒಂದೇ ತೊಡಕೆಂದರೆ ಸಿಗ್ನಲ್ಲು. ಅಡುಗೆಮನೆಯಲ್ಲಿ ಸುಳಿವಿಲ್ಲ, ಜಗಲಿಯಲ್ಲಿ ಒಂದೇ ಒಂದು ಗೀಟು, ಅಟ್ಟದ ಮೇಲೆ ಮಾತ್ರ ಗೀಟುಗಳ ಜಾತ್ರೆ. ಸರಿ, ಅಟ್ಟದ ಮೂಲೆಯಲ್ಲಿ ಸೆಟ್ಟು ಕೂತಿತು, ಅಲ್ಲಿಂದ ಬಿದಿರಿನ ದಬ್ಬೆಗಳ ಸಂದಿಯಲ್ಲಿ ಕೇಬಲ್ಲು ಇಳಿದು ಕಂಪ್ಯೂಟರಿಗೆ ಬಂತು. ಹಳೇ ತಂತಿಯ ಫೋನನ್ನು ಅಪ್ಪ ಕೀಳಿಸಿಯೇ ಬಿಟ್ಟ. ತಿಂಗಳಿಗೆ ಇಷ್ಟೇ ಎಂಬ ಹಣ. ಗರಿಯ ಭಯವಿಲ್ಲ, ಅಮ್ಮನ ಕೈಗೂ ಎಟುಕದು. ಶನಿವಾರಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕಳೆದವು. ಮನೆಗೆ ಬಂದ ಚಿಕ್ಕಪ್ಪ ಅಟ್ಟದ ಕಡೆ ನೋಡಿ ನಿಟ್ಟುಸಿರು ಬಿಡುವುದನ್ನು ಕಂಡು ನನಗೆ ಹಬ್ಬವೋ ಹಬ್ಬ.

ಆಗ ಅಟ್ಟ ಖಾಲಿಯಿತ್ತು ಎಂಬುದನ್ನು ನಾನು ಗಮನಿಸಿರಲಿಲ್ಲ. ಮೇಷ್ಟ್ರನ್ನು ಕಾಣಲೆಂದು ನಾನು ತುಮಕೂರಿಗೆ ಹೋದ ದಿನವೇ ಅಪ್ಪ ಹೊಸ ಕಾಯಿ ತುಂಬಿಸಿದ. ಅಟ್ಟ ಹತ್ತಿದ ಆಳುಗಳು ಕೂಗಿ ಕೇಳಿದರಂತೆ: "ಯಜಮಾನ್ರೇ, ಇಲ್ಲೊಂದು ಫೋನೈತೆ, ಏನ್ ಮಾಡವಾ?" ಕೆಳಗಿನಿಂದ ಅಪ್ಪ ಹೇಳಿದನಂತೆ: "ಅದನ್ನ ಯಾರೂ ಮುಟ್ಬ್ಯಾಡ್ರಪ್ಪಾ, ಇದ್ದಂಗೇ ಇರ್ಲಿ!" ಮಾತು ಮೀರದ ಆಳುಗಳು. ಅದನ್ನು ಮುಟ್ಟಲೇ ಇಲ್ಲ. ಅದರ ಮೇಲೆ ಬುಟ್ಟಿ ಬುಟ್ಟಿ ಕಾಯಿ ಸುರಿದು, ಅಟ್ಟವನ್ನು ಸೂರು ಮುಟ್ಟುವಂತೆ ತುಂಬಿ, ಕಾಫಿ ಕುಡಿದು ಹೋದರು.

ನಾನು ಬಂದು ನೋಡಿ ಎದೆ ಬಡಿದುಕೊಂಡೆ. "ತೆಗೆಸಪ್ಪಾ!" ಎಂದರೆ ಅಪ್ಪ ಕೇಳಬಾರದ್ದನ್ನು ಕೇಳಿದವನಂತೆ ನೋಡಿದ. ತುಂಬಿದ ಅಟ್ಟವನ್ನು ಒಣಗುವ ತನಕ ಕೆದಕಬಾರದು ಎಂಬುದು ನಮ್ಮ ಮನೆಯ ಶಾಸನ. "ಒಂದ್ಹತ್ತು ತಿಂಗ್ಳು ತಡ್ಕೊ ಕಣವ್ವ. ಕೊಬ್ಬರಿ ಇಳಿಸ್ವಾಗ ಅದೂ ಇಳೀತದೆ."

ಸೆಟ್ಟಿಗೆ ಕರೆಂಟಿನ ವೈರೂ ಕೆಳಗಿನಿಂದಲೇ ಹೋಗುತ್ತಿದ್ದರಿಂದ ಅದು ಕಾಯಿಗಳಡಿಯಲ್ಲಿ ಜೀವಂತವಾಗಿತ್ತು. ಅದೇ ಕಷ್ಟವಾದದ್ದು. ಆ ನಂಬರು ಅಷ್ಟು ಹೊತ್ತಿಗೆ ನೆಂಟರಿಗೆಲ್ಲ ಗೊತ್ತಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅಟ್ಟದ ತುಂಬ ಕಾಯಿಗಳು ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳುತ್ತಿದ್ದವು. ಅಮ್ಮ ಏಣಿ ಹತ್ತಿ ಅವುಗಳಿಗೆ ಕೂಗಿ ಹೇಳುತ್ತಿದ್ದಳು: "ತಡಿಯೇ, ಆಮೇಲೆ ನಾನೇ ಮಾಡ್ತೀನಿ!" ಕಾಯಿಗಳು ಕೇಳಿಸಿಕೊಂಡವು, ಚಿಕ್ಕನಾಯಕನಹಳ್ಳಿಗೆ ಕೇಳಿಸಲಿಲ್ಲ. "ನಿಮ್ಮನೇಲಿ ಈಗ ಫೋನ್ ಎತ್ತೋದೇ ಇಲ್ಲ ಬುಡು, ದೊಡ್ಡೋರಾಗ್ಬುಟ್ರಿ" ಎಂಬ ಮಾತು ಸುತ್ತಿ ಬಳಸಿ ಮನೆ ಸೇರಿತು.

ಇಂಟರ್ನೆಟ್ಟು? ಅದೂ ಬರುತ್ತಿತ್ತು, ನಡುನಡುವೆ. ನೀರು ತುಂಬಿದ ಅಷ್ಟೊಂದು ಕಾಯಿ ದಾಟಿ ಸಿಗ್ನಲ್ಲು ಬರಬೇಕಲ್ಲ, ಪಾಪ, ನೀರಿನಲ್ಲಿ ನೆನೆದೇ ಬರುತ್ತಿತ್ತು. ಕಾಯಿ ಒಣಗಿದಂತೆ ಸಿಗ್ನಲ್ಲು ಬಲಿಯುತ್ತದೆ ಎಂಬುದು ನನ್ನ ವಾದ. ಅಪ್ಪ ಮೊದಲ ಸಲ ನನ್ನ ವಾದವೊಂದನ್ನು ಪೂರ್ತಿ ಒಪ್ಪಿದ. "ಅದ್ಕೇ ಹೇಳಿದ್ದು, ಹತ್ತು ತಿಂಗ್ಳು" ಎಂದ.

ಶನಿವಾರ ಹತ್ತು ತಿಂಗಳು ತಡೆಯುತ್ತದೆಯೇ? ಬಂದೇ ಬಿಟ್ಟಿತು. ಆ ವಾರದ ವಿಷಯ, ಸ್ವಾವಲಂಬನೆಯೇ ಬಾಳಿನ ಬಲ. ಹನ್ನೊಂದಕ್ಕೆ ಕಳಿಸಲು ಕೂತರೆ ಅರ್ಧ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ನನ್ನ ಮುಖ ನೋಡಲಾರದೆ ಅಪ್ಪ ಒಂದು ಬಿದಿರು ಕೋಲು ತಂದು, ಕೆಳಗಿನಿಂದಲೇ ದಬ್ಬೆಗಳ ಸಂದಿಯಲ್ಲಿ ತೂರಿಸಿ, ಸೆಟ್ಟನ್ನು ತಿವಿಯತೊಡಗಿದ. ಕಾಯಿಯನ್ನಲ್ಲ, ಸೆಟ್ಟನ್ನು ಮಾತ್ರ, ಶಾಸನಕ್ಕೆ ಭಂಗವಿಲ್ಲ. ಅಮ್ಮ ಕಂಪ್ಯೂಟರಿನ ಮುಂದೆ ನಿಂತು ವೀಕ್ಷಕ ವಿವರಣೆ ಕೊಟ್ಟಳು.

"ಬಂತು ಬಂತು... ಹೋಯ್ತು! ರೀ, ಒಂಚೂರು ಬಾವಿ ಕಡೆ ತಿವೀರಿ!"

"ಬಾವಿ ಕಡೆ ಜಂತೆ ಐತೆ ಕಣೇ!"

"ಹಂಗಾರೆ ಕೊಟ್ಟಿಗೆ ಕಡೆ! ಆ, ಅಲ್ಲೇ! ಅಲ್ಲಾಡ್ಬೇಡಿ, ಉಸುರೂ ಬುಡಬೇಡಿ!"

ಅಪ್ಪ ಉಸಿರು ಬಿಡಲಿಲ್ಲ. ತಲೆಯ ಮೇಲೆ ಕಾಯಿಯ ಜುಂಗು, ಕಣ್ಣಿನಲ್ಲಿ ಧೂಳು, ಕೋಲೆತ್ತಿ ನಿಂತಿದ್ದಾನೆ. ಮುಕ್ಕಾಲು ಹೋಯಿತು, ಇನ್ನು ಒಂದೇ ಗುಟುಕು ಎನ್ನುವಾಗ ಅಪ್ಪನಿಗೆ ಸೀನು ಬಂತು. ಆ ಸೀನಿಗೇ ಎಂಬಂತೆ ಕರೆಂಟೂ ಹೋಯಿತು. ಮನೆ ಗವ್ವೆಂದಿತು. ಆಗ ಅಪ್ಪ ಮೂಗೊರೆಸಿಕೊಂಡು, ನಾನು ನಾಲ್ಕು ದಿನದಿಂದ ಯೋಚಿಸದಿರಲು ಹೆಣಗುತ್ತಿದ್ದ ಮಾತನ್ನು ಆಡಿದ: "ನಿನ್ ಚಿಕ್ಕಪ್ಪನ ಆಫೀಸ್ನಲ್ಲಿ ಬ್ರಾಡ್‌ಬ್ಯಾಂಡ್ ಐತಂತಲ್ಲ. ಕರೆಂಟ್ ಹೋದ್ರೆ ಬ್ಯಾಟ್ರೀನೂ ಐತಂತೆ."

ಐತೆ! ಟೆಲಿಫೋನ್ ಎಕ್ಸ್‌ಚೇಂಜಿನ ಪಕ್ಕದಲ್ಲೇ ಸಂಘವಿದ್ದುದರಿಂದ ಅವರಿಗೆ ಸಿಕ್ಕಿತ್ತು, ದೂರದ ನಮ್ಮ ಮನೆಗೆ ಬರುವಂತಿರಲಿಲ್ಲ. ನನ್ನ ಹೋಲಿಕೆಯ ಪಟ್ಟಿಯಲ್ಲಿ ನಾನು ಬೇಕೆಂದೇ ಬಿಟ್ಟಿದ್ದ ನಾಲ್ಕನೆಯದು ಇದೇ. ಪ್ರಬಂಧವನ್ನು ಹಿಂದಿನ ರಾತ್ರಿಯೇ ತುಂಬಿಟ್ಟಿದ್ದ ಫ್ಲಾಪಿಯನ್ನು ಅಪ್ಪ ಅಂಗಿಯ ಜೇಬಿಗೆ ಹಾಕಿಕೊಂಡ. ಇಬ್ಬರೂ ಮೊಪೆಡ್ ಹತ್ತಿದೆವು. ಕ್ರಾಸು ಮುಟ್ಟಿದಾಗ ಹನ್ನೆರಡಕ್ಕೆ ಕೊಂಚವೇ ಉಳಿದಿತ್ತು.

ಚಿಕ್ಕಪ್ಪ ಎದ್ದು ನಿಂತು ಸ್ವಾಗತಿಸಿದರು. ಅದೇ ಅಪಶಕುನ. "ಏನಮ್ಮಾ ಚರ್ಚಾಪಟು, ಮನೇಲಿ ಕೂತು ಮಾಡೋ ಕೆಲ್ಸ ಇಲ್ಲೀಗಂಟ ನಡ್ಕೊಂಡು ಬಂದ್ಬುಡ್ತಾ?"

"ಚಿಕ್ಕಪ್ಪಾ, ಒಂದೇ ಒಂದು ಇಮೇಲು."

"ಒಂದ್ಯಾಕೆ, ಹತ್ತು ಕಳ್ಸು. ಅದಕ್ಕೆ ಮುಂಚೆ ಒಂದ್ಮಾತು ಅಂದ್ಬುಡು. ಚಿಕ್ಕಪ್ಪ ಹೇಳಿದ್ದೇ ಸರಿ, ಕೆಲ್ಸ ಅಂದ್ರೆ ಆಫೀಸು ಅಂತ."

"ಒತ್ತಡದಲ್ಲಿ ಒಪ್ಪಿಕೊಂಡದ್ದಕ್ಕೆ ವಾದದಲ್ಲಿ ಬೆಲೆ ಇಲ್ಲ ಚಿಕ್ಕಪ್ಪ. ಅದೂ ಅಲ್ಲದೆ ನಿಮ್ಮ ಮೂಲ ಪ್ರಮೇಯದಲ್ಲೇ..."

"ಗಡಿಯಾರ ನೋಡ್ಕೊಂಡು ಮಾತಾಡು."

ಅಪ್ಪ ನನ್ನ ಮೊಣಕೈ ತಿವಿದ, ಕೋಲಿನಿಂದ ತಿವಿದು ಅಭ್ಯಾಸವಾಗಿತ್ತೆಂದು ಕಾಣುತ್ತದೆ. "ಅಂದ್ಬುಡವ್ವ. ನಾಲ್ಗೆ ಏನು ಸವೆಯಲ್ಲ."

ಅಂದೆ. ಚಿಕ್ಕಪ್ಪ ಕಿವಿಗೆ ಕೈ ಹಚ್ಚಿ, "ಗೊಬ್ಬರದ ಗೋಡೌನ್ಗಂಟ ಕೇಳ್ಬೇಕು" ಎಂದರು. ಗೋಡೌನಿಗೆ ಕೇಳುವಂತೆ ಇನ್ನೊಮ್ಮೆ ಅಂದೆ. ಗೋಡೌನಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಫ್ಲಾಪಿ ಹಾಕಿದೆ, ಗುಂಡಿ ಒತ್ತಿದೆ. ಸ್ವಾವಲಂಬನೆಯೇ ಬಾಳಿನ ಬಲ ಎಂಬುದು ಕಣ್ಣು ಮುಚ್ಚಿ ತೆರೆಯುವುದರಲ್ಲಿ, ಚಿಕ್ಕಪ್ಪನ ಸಂಪರ್ಕದ ಬಲದಿಂದ, ತುಮಕೂರು ಸೇರಿತು. ಕೆಲಸ ಉಳಿಯಿತು. ಚಿಕ್ಕಪ್ಪನ ಕೈಕೆಳಗೆ ಸಂಬಳಕ್ಕೆ ಕೂರುವ ಗಂಡಾಂತರ ತಪ್ಪಿತು. ನಾನು ಗೆದ್ದೆ!

ಗೆದ್ದೆನೆಂದೇ ಮುಂದಿನ ಶನಿವಾರವೂ ಹೋದೆ. ಅಟ್ಟ ಒಣಗುವ ತನಕ ಎಂದುಕೊಂಡೆ. ಸಂಪರ್ಕ ಕೈಕೊಡಲಿಲ್ಲ, ಒಂದು ಪೈಸೆ ಖರ್ಚಿಲ್ಲ. ಕಂಪ್ಯೂಟರಿದ್ದದ್ದು ಗುಮಾಸ್ತರ ಖಾಲಿ ಕುರ್ಚಿಯ ಮುಂದೆಯಾದ್ದರಿಂದ ಅದರಲ್ಲೇ ಕೂರಬೇಕಾಯಿತು. ಕೂತವಳನ್ನು ಜನ ಸುಮ್ಮನೆ ಬಿಡುತ್ತಾರೆಯೇ? "ಗೊಬ್ರ ಯಾವಾಗ ಬತ್ತದವ್ವಾ?" ಎಂದು ಒಬ್ಬರು, "ಇದೊಂದು ಅರ್ಜಿ ತುಂಬ್ಕೊಡವ್ವಾ" ಎಂದು ಇನ್ನೊಬ್ಬರು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಬಂದರೆ ಸೋತಂತೆ ಎಂದು ಕಾಲೇಜಿನಲ್ಲಿ ನನ್ನನ್ನು ತಿದ್ದಿದ್ದಾರೆ. ಗೊತ್ತಿಲ್ಲದ್ದನ್ನು ಹುಡುಕಿ ಉತ್ತರಿಸಿದೆ. ಅರ್ಜಿ ತುಂಬಿದೆ, ತುಂಬಿದ್ದು ತಪ್ಪೆಂದವರೊಡನೆ ವಾದಿಸಿ ಗೆದ್ದೆ. ಒಂದು ಶನಿವಾರಕ್ಕೆ ಮುಗಿಯದ್ದಕ್ಕೆ ಶುಕ್ರವಾರವೂ ಹೋದೆ, ಆಮೇಲೆ ಬುಧವಾರವೂ. ಚಿಕ್ಕಪ್ಪ "ನೋಡ್ಕೊಂಡಿರಮ್ಮ, ಒಂದು ಕಾಫಿ ಕುಡಿದು ಬತ್ತೀನಿ" ಎಂದು ಹೋದರೆ ಸಂಜೆಗೆ ಬರುತ್ತಿದ್ದರು. ಗುಮಾಸ್ತರಿಲ್ಲದೆಯೂ ಸಂಘದ ಕೆಲಸ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ, ಆದ್ದರಿಂದ ಆ ಹುದ್ದೆಗೆ ಸಂಬಳ ಕೊಟ್ಟು ಯಾರನ್ನೂ ನೇಮಿಸುವ ಅಗತ್ಯವಿಲ್ಲ ಎಂದು ಅವರು ಸಭೆಯಲ್ಲಿ ನಿರ್ಣಯವನ್ನೂ ಮಾಡಿಸಿದರು. ಆ ನಿರ್ಣಯವನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟವಳು ನಾನೇ.

ಮೊನ್ನೆ ಹಂದನಕೆರೆ ಕಡೆಯ ಅಜ್ಜನೊಬ್ಬ ತನ್ನ ಅರ್ಜಿ ಮುಗಿಯುವ ತನಕ ನನ್ನನ್ನೇ ನೋಡುತ್ತ ಕೂತಿದ್ದ. "ಎಷ್ಟವ್ವಾ ಇಲ್ಲಿ ಸಂಬ್ಳ?" ಎಂದ.

"ಸಂಬ್ಳ ಇಲ್ಲ ಅಜ್ಜಾ. ನಾನು ಇಲ್ಲಿ ಕೆಲ್ಸಕ್ಕಿಲ್ಲ" ಎಂದೆ.

ಅಜ್ಜ ಮೇಜಿನ ಮೇಲಿದ್ದ ಅರ್ಜಿಗಳ ರಾಶಿಯನ್ನೂ, ಗೋಡೆಯ ಮೇಲಿನ ಕ್ಯಾಲೆಂಡರನ್ನೂ ನೋಡಿ, ಕನಿಕರದಿಂದ ತಲೆಯಾಡಿಸಿದ. "ಇಷ್ಟ್ ದುಡೀತೀಯ, ಸಂಬ್ಳ ಇಲ್ಲ ಅಂತೀಯ. ಹಂಗಾರೆ ಈ ಸಂಘಕ್ಕೆ ಸೊಸೆಯಾಗಿ ಬಂದಿರ್ಬೇಕು ಬುಡು."

ಅವನನ್ನು ಖಂಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನವರು ಮೇಜಿನ ಹತ್ತಿರ ಬಂದರು. ಕೈಚಾಚಿ ಅವರ ಅರ್ಜಿ ತೆಗೆದುಕೊಂಡೆ.